ಮೂವರು ಕಾವಲುಗಾರರು, ಒಂದೇ ಬಾಗಿಲು

ಆದಿತ್ಯನಗರದ ಕ್ವಾರ್ಟರ್ಸಿನಲ್ಲಿ ರತ್ನಾಬಾಯಿಯ ಕಂಪ್ಯೂಟರ್ ಆ ಭಾನುವಾರ ಬೆಳಿಗ್ಗೆ ಮೂರು ಬಗೆಯ ಮಾತಾಡುತ್ತಿತ್ತು. ಪರದೆಯ ಮೂಲೆಯಲ್ಲಿ ಹಸಿರು ಗುರುತು ಬಂದು ‘ಎಲ್ಲ ಕ್ಷೇಮ’ ಎನ್ನುತ್ತಿತ್ತು. ಅದರ ಮೇಲೆಯೇ ಹಳದಿ ಚೌಕ ತೆರೆದು ‘ಅವಧಿ ಮುಗಿದಿದೆ’ ಎನ್ನುತ್ತಿತ್ತು. ಇವೆರಡನ್ನೂ ಮುಚ್ಚಿಕೊಂಡು ಕೆಂಪು ಚೌಕವೊಂದು ಎದ್ದಿತ್ತು: ‘ವೈರಸ್ ಹೊಕ್ಕಿದೆ! ಕೂಡಲೇ ಈ ನಂಬರಿಗೆ ಫೋನ್ ಮಾಡಿ. ಇಲ್ಲವಾದರೆ ನಿಮ್ಮ ಫೈಲುಗಳೆಲ್ಲ ಅಳಿಸಿಹೋಗುತ್ತವೆ.’

“ಏನ್ರಿ, ಜರಾ ಇಲ್ಲಿ ಬರ್ರಿ. ಇದು ಒಮ್ಮೆ ಆರಾಮ ಇದ್ದೀನಿ ಅಂತದ, ಒಮ್ಮೆ ಸಾಯ್ಲಿಕತ್ತೀನಿ ಅಂತದ. ಯಾವ್ದು ಖರೇ?”

ಅವಳು ಅಂಜಲು ಕಾರಣವಿತ್ತು. ಸುಲೇಪೇಟದ ದೊಡ್ಡವ್ವ ದಾನಮ್ಮನ ಬೀಸುಕಲ್ಲಿನ ಹಾಡುಗಳು ಆ ಕಂಪ್ಯೂಟರಿನಲ್ಲಿದ್ದವು. ಬೇಸಿಗೆಯಲ್ಲಿ ಊರಿಗೆ ಹೋದಾಗಲೆಲ್ಲ ರತ್ನಾಬಾಯಿ ಪಕ್ಕದಲ್ಲಿ ಕೂತು ಅವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕಿ, ಮೊಬೈಲಿನಲ್ಲಿ ಜಾಗ ಸಾಲದೆ ಅಲ್ಲಿಂದ ಅಳಿಸಿದ್ದಳು. ಹೋದ ವರ್ಷ ದೊಡ್ಡವ್ವನಿಗೆ ಗಂಟಲಿನ ಆಪರೇಷನ್ ಆಯಿತು. ಈಗ ಅವಳು ಪಿಸುಗುಟ್ಟುತ್ತಾಳೆ, ಹಾಡಲಾರಳು.

ಗಂಡ ಸೂಗಪ್ಪ ಬಂದು ನೋಡಿದ. “ಅಂಜಬ್ಯಾಡ. ನಾ ಇದಕ್ಕ ಮೂರು ಕೀಲಿ ಹಾಕೀನಿ.”

ಸೂಗಪ್ಪ ಸಿಮೆಂಟ್ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದವನು. ಅಲ್ಲಿ ಯಂತ್ರ ರಿಪೇರಿಗೆ ನಿಂತಾಗ, ಅದರ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬನೂ ಸ್ವಿಚ್ಚಿಗೆ ತನ್ನದೇ ಬೀಗ ಹಾಕುತ್ತಾನೆ. ಕೊನೆಯ ಬೀಗ ತೆಗೆಯುವವರೆಗೆ ಯಂತ್ರ ಚಾಲೂ ಆಗುವಂತಿಲ್ಲ. ಬೀಗ ಹೆಚ್ಚಿದಷ್ಟೂ ಜೀವ ಭದ್ರ. ಅದೇ ಲೆಕ್ಕದಲ್ಲಿ ಅವನು ಅಂಗಡಿಯವನು ಹಾಕಿಕೊಟ್ಟ ಆಂಟಿವೈರಸ್ ಜೊತೆಗೆ, ತಮ್ಮನ ಮಗ ಅಂಬರೇಶ ಪೆನ್‌ಡ್ರೈವಿನಲ್ಲಿ ತಂದದ್ದನ್ನೂ, ನೆಟ್ಟಿನ ಜಾಹೀರಾತಿನಲ್ಲಿ ಕಂಡದ್ದನ್ನೂ ಹಾಕಿದ್ದ. ವಿಂಡೋಸ್ ಜೊತೆಗೇ ಬಂದದ್ದೊಂದು ಇತ್ತು. ಪುಕ್ಕಟೆಯದು ಏನು ಕಾದೀತು ಎಂದು ಅವನು ಅದರ ಕಡೆ ನೋಡಿರಲಿಲ್ಲ.

ಮೂರು ಕೀಲಿ ಇದ್ದರೂ ಕೆಂಪು ಚೌಕ ಹೋಗಲಿಲ್ಲ. ಸೂಗಪ್ಪ ಆ ನಂಬರಿಗೆ ಫೋನ್ ಮಾಡಿಯೇಬಿಟ್ಟ. ಆ ಕಡೆಯವನು ಹಿಂದಿಯಲ್ಲಿ ಬೆಣ್ಣೆಯಂತೆ ಮಾತಾಡಿ, ಒಂದು ಆ್ಯಪ್ ಇಳಿಸಿಕೊಳ್ಳಿ, ಅದರಲ್ಲಿ ಕಾಣುವ ಅಂಕಿಗಳನ್ನು ಓದಿ ಹೇಳಿ, ನಾನು ಇಲ್ಲಿಂದಲೇ ಸರಿಮಾಡುತ್ತೇನೆ ಎಂದ. ಸೂಗಪ್ಪ ಆ್ಯಪ್ ಇಳಿಸಿಕೊಂಡು, ಅಂಕಿ ಕಾಣಲು ಕಾಯುತ್ತ ಕೂತ.

ರತ್ನಾಬಾಯಿಗೆ ಅನುಮಾನ ಬಂತು. ಈ ಮನುಷ್ಯ ಯಾರು? ನಮ್ಮ ಕಂಪ್ಯೂಟರಿಗೆ ಜಡ್ಡಾದದ್ದು ಇವನಿಗೆ ಹೇಗೆ ಗೊತ್ತಾಯಿತು? ಕೇಳಬೇಕೆಂದುಕೊಂಡಳು, ಹೇಗೆ ಕೇಳಬೇಕೆಂದು ತಿಳಿಯಲಿಲ್ಲ. ಹಿತ್ತಲಿಗೆ ಓಡಿದಳು. ಪಕ್ಕದ ಮನೆಯ ಶಗುಫ್ತಾ ಸೇಡಂನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು.

“ಶಗುಫ್ತಾ, ಜಲ್ದಿ ಬಾರವಾ. ನಿಮ್ಮ ಕಾಕಾ ಯಾರಿಗೋ ನಂಬರ್ ಹೇಳ್ಲಿಕತ್ತಾರ. ನಂಗ ಒಂದೂ ತಿಳಿವಲ್ದು.”

“ಬಂದೆ ಕಾಕು.” ಕೈ ತೊಳೆದು, ಒರೆಸಿಕೊಳ್ಳಲೂ ನಿಲ್ಲದೆ ಬಂದಳು. “ಕಾಕಾ, ಫೋನ್ ಇಡ್ರಿ. ನಂಬರ್ ಹೇಳಬ್ಯಾಡ್ರಿ.”

“ತಡಿಯವಾ, ಸಾಹೇಬ್ರು ರಿಪೇರಿ ಮಾಡ್ಲಿಕತ್ತಾರ.”

“ರಿಪೇರಿ ಅಲ್ಲರಿ. ಆ ನಂಬರ್ ಕೊಟ್ರ ನಿಮ್ಮ ಕಂಪ್ಯೂಟರ್ ಪೂರಾ ಅವನ ಕೈಯಾಗ.”

ಸೂಗಪ್ಪ ಹೆಂಡತಿಯ ಮುಖ ನೋಡಿದ, ಶಗುಫ್ತಾಳ ಮುಖ ನೋಡಿದ. ಯಾರನ್ನು ನಂಬುವುದೆಂದು ಅವನಿಗೂ ತೋಚಲಿಲ್ಲ. ಅಷ್ಟರಲ್ಲಿ ಫೋನಿನ ದನಿ ಬಿರುಸಾಯಿತು: ಆ ಹೆಂಗಸು ಯಾರು, ಅವಳನ್ನು ಮೊದಲು ಹೊರಗೆ ಕಳಿಸಿ.

“ನಮ್ಮ ಹುಡುಗೀನ್ನ ನಮ್ಮ ಮನಿಯಿಂದ ಹೊರಗ ಹಾಕಂತ ಹೇಳ್ಲಿಕ್ಕ ನೀ ಯಾವನಲೇ?” ಎಂದವನೇ ಸೂಗಪ್ಪ ಫೋನ್ ಕಡಿದ.

ಶಗುಫ್ತಾ ಕೂಡಲೇ ನೆಟ್ಟಿನ ವೈರ್ ಕಿತ್ತಳು. ಬೈಯಲಿಲ್ಲ, ನಗಲಿಲ್ಲ. “ಕಾಕಾ, ನಮ್ಮ ಕಾಲೇಜಿನ ಮಾಸ್ತರ್‌ಗೋಳೂ ಇಂಥ ನಂಬರಿಗೆ ಫೋನ್ ಮಾಡ್ಯಾರ. ನೀರ್ ಕುಡೀರಿ.”

ನೀರು ಕುಡಿದ ಮೇಲೆ ಸೂಗಪ್ಪನ ವಾದ ತಿರುಗಿ ಶುರುವಾಯಿತು. “ಹಂಗಾರ ನನ್ನ ಮೂರು ಕೀಲಿ ಏನ್ ಮಾಡ್ಲಿಕತ್ತಿದ್ವು?”

“ಕೀಲಿ ಸುಮ್ಕ ತನ್ನ ಜಾಗಾದಾಗ ಕುಂದರ್ತದರಿ. ಆಂಟಿವೈರಸ್ ಕೀಲಿ ಅಲ್ಲ, ವಾಚ್‌ಮನ್. ಒಂದೇ ಬಾಗಿಲದಾಗ ಮೂರು ಮಂದಿನ್ನ ನಿಲ್ಸಿದ್ರ ಇಂವ ಅವಂಗ ಕಳ್ಳ ಅಂತಾನ, ಅಂವ ಇವಂಗ ಕಳ್ಳ ಅಂತಾನ. ಅವರ ಜಗಳದಾಗ ಕಂಪ್ಯೂಟರ್ ಹೆಜ್ಜಿ ಎತ್ತಂಗಿಲ್ಲ. ಮತ್ತ ಹೊರಗಿನವರು ಬಂದ್ರಂತ ವಿಂಡೋಸಿನ ಸ್ವಂತ ವಾಚ್‌ಮನ್ ಸರಿದು ನಿಂತದ.”

“ಪುಕ್ಕಟೆ ವಾಚ್‌ಮನ್!”

“ಪುಕ್ಕಟೆ ಹೆಂಗಾಗ್ತದ ಕಾಕಾ, ವಿಂಡೋಸ್ ಜೋಡಿನೇ ಬಂದದಲ್ಲ. ಫೋಟೋ, ಹಾಡು, ಬಿಲ್ ಕಟ್ಟೋದು, ಇಂಥ ಮನಿ ಕೆಲಸಕ್ಕ ಅದು ಸಾಕು. ಅದು ಚಾಲೂ ಇರಬೇಕು, ಅಪ್‌ಡೇಟ್ ಆಗ್ತಿರಬೇಕು, ಅಷ್ಟೇ. ಬ್ಯಾರೇದು ರೊಕ್ಕಾ ಕೊಟ್ಟು ತಂದ್ರೂ ಒಂದೇ ಇರ್ಲಿ.”

ಶಗುಫ್ತಾ ಮೌಸನ್ನು ತಾನು ಮುಟ್ಟದೆ ರತ್ನಾಬಾಯಿಯ ಕೈಗೆ ಕೊಟ್ಟು, ಅವಳು ತಡವರಿಸಿದಲ್ಲೆಲ್ಲ ಕಾದಳು. ಆ ಕಡೆಯವನ ಆ್ಯಪ್ ಹೋಯಿತು, ಮೂರು ಆಂಟಿವೈರಸ್ಸುಗಳೂ ಹೋದವು. ಕೆಂಪು ಚೌಕ ಮಾತ್ರ ಯಾವ ಆಂಟಿವೈರಸ್ಸಿನದೂ ಅಲ್ಲವೆಂದು ತಿಳಿಯಿತು. ಎಂದೋ ಯಾವುದೋ ವೆಬ್‌ಸೈಟು ಕೇಳಿದಾಗ ಯಾರೋ ‘ಅನುಮತಿಸು’ ಎಂದು ಒತ್ತಿದ್ದರು, ಅಂದಿನಿಂದ ಅದು ಸುಳ್ಳು ಹೆದರಿಕೆ ಹಾಕುತ್ತಿತ್ತು. ಆ ಅನುಮತಿಯನ್ನೂ ತೆಗೆದರು. ಕಂಪ್ಯೂಟರನ್ನು ಆರಿಸಿ ಹಚ್ಚಿ, ‘ವಿಂಡೋಸ್ ಸೆಕ್ಯೂರಿಟಿ’ ಚಾಲೂ ಇರುವುದನ್ನು ನೋಡಿ, ನೆಟ್ ಜೋಡಿಸಿ ಅಪ್‌ಡೇಟ್ ಮಾಡಿ ಪೂರ್ತಿ ತಪಾಸಣೆಗೆ ಬಿಟ್ಟರು.

ತಪಾಸಣೆ ಮುಗಿಯಲೊಲ್ಲದು. ರತ್ನಾಬಾಯಿ ಚಹಾ ಮಾಡಿದಳು, ಸಕ್ಕರೆ ಹಾಕಿದೆನೋ ಇಲ್ಲವೋ ಮರೆತು ಮತ್ತೆ ಹಾಕಿದಳು. ಶಗುಫ್ತಾ ಆ ಪಾಕವನ್ನು ಮುಖ ಕಿವುಚದೆ ಕುಡಿದಳು. ಕಡೆಗೆ ಉತ್ತರ ಬಂತು. ಒಂದು ಕೆಟ್ಟ ಫೈಲು ಸಿಕ್ಕಿ ತೆಗೆಯಲಾಗಿತ್ತು. ಅದು ಅಂಬರೇಶ ಕೊಟ್ಟ ಕದ್ದ ಆಂಟಿವೈರಸ್ ಜೊತೆಗೆ ಬಂದದ್ದು. ‘ಎಲ್ಲ ಕ್ಷೇಮ’ ಎನ್ನುತ್ತಿದ್ದುದು ಆ ಆಂಟಿವೈರಸ್ಸೇ!

“ಆ ಮಗ ಬರ್ಲಿ, ಅವನ ಪೆನ್‌ಡ್ರೈವ್ ರೊಟ್ಟಿ ಹಂಚಿನ ಮ್ಯಾಲ ಇಡ್ತೀನಿ” ಎಂದ ಸೂಗಪ್ಪ.

ಹಾಡುಗಳು ಇದ್ದವು, ಒಂದೂ ಹೋಗಿರಲಿಲ್ಲ. ರತ್ನಾಬಾಯಿ ಕೇಳಿದಳು: “ಹಂಗಾರ ಇನ್ನ ಏನೂ ಆಗಂಗಿಲ್ಲಲ್ಲವಾ?”

ಶಗುಫ್ತಾ ಪರದೆಯ ಮೇಲಿನ ಹಾಡುಗಳ ಕಡೆ ಬೆರಳು ಮಾಡಿದಳು. “ಆಗಂಗಿಲ್ಲ ಅಂತ ನಾ ಹೆಂಗ ಹೇಳ್ಲಿ ಕಾಕು? ನಾವೇ ಕರದು ಒಳಗ ಬಿಟ್ರ ವಾಚ್‌ಮನ್ ಏನೂ ಮಾಡಂಗಿಲ್ಲ. ಕಂಪ್ಯೂಟರ್ ತಾನೇ ಕೆಟ್ರೂ ಹಾಡು ಹೋಗ್ತಾವ. ಅದಕ್ಕ ಇನ್ನೊಂದು ಕಾಪಿ ಬ್ಯಾರೆ ಕಡಿ ಇಡೋಣ.” ತನ್ನ ಮನೆಯಿಂದ ಹೊಸ ಹಾರ್ಡ್‌ಡಿಸ್ಕ್ ತಂದಳು. ತನಗೆಂದು ಕೊಂಡದ್ದು, ಡಬ್ಬಿ ಕೂಡ ಒಡೆದಿರಲಿಲ್ಲ.

ಕಾಪಿ ಆದಮೇಲೆ, ಸರಿ ಬಂದಿದೆಯೇ ಎಂದು ಡಿಸ್ಕಿನಿಂದಲೇ ಒಂದು ಹಾಡು ಹಚ್ಚಿದರು. ಕಲ್ಲಿನ ಗರಗರ, ಅದರ ಮೇಲೆ ದೊಡ್ಡವ್ವನ ತುಂಬು ದನಿ. ನಡುವೆ ಹಾಡು ನಿಂತು ಬೈಗುಳ ಕೇಳಿಸಿತು: “ಏ ರತ್ನಿ, ಆ ಫೋನ್ ಇಳಸು. ಕಲ್ಲಿಗಿ ಜ್ವಾಳ ಹಾಕು!”

ಸೂಗಪ್ಪ ಹೊಟ್ಟೆ ಹಿಡಿದು ನಕ್ಕ. ರತ್ನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ಹಚ್ಚೆಂದಳು. ತಿಳಿಯದ್ದು ಅವಳಿಗೆ ಇನ್ನೂ ಬೇಕಾದಷ್ಟಿತ್ತು. ಆದರೆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಅಲಮಾರಿಯಲ್ಲಿಡುವುದು ತಿಳಿದಿತ್ತು.

ನೀವೂ ಇವತ್ತೇ ನಿಮ್ಮ ಕಂಪ್ಯೂಟರ್ ಹಚ್ಚಿ ‘ವಿಂಡೋಸ್ ಸೆಕ್ಯೂರಿಟಿ’ ಚಾಲೂ ಇದೆಯೇ ನೋಡಿ. ಅಪ್‌ಡೇಟ್ ನಿಂತುಹೋದ ಹಳೆಯ ವಿಂಡೋಸ್ ಇದ್ದರೆ ಬದಲಿಸಿಕೊಳ್ಳಿ. ಪರದೆಯ ಮೇಲೆ ಹೆದರಿಸುವ ನಂಬರು ಬಂದರೆ ಫೋನ್ ಮಾಡಬೇಡಿ; ಮೋಸ ಆಗಿಯೇ ಹೋಗಿದ್ದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ತಿಳಿಸಿ. ನಿಮ್ಮಲ್ಲೂ ಮತ್ತೆ ಸಿಗದ ಒಂದು ದನಿಯೋ ಮುಖವೋ ಇದ್ದೀತು, ಅದರ ಕಾಪಿ ಮಾಡಿಡಿ. ತಿಳಿಯದಿದ್ದರೆ ನಾಚಿಕೊಳ್ಳಬೇಡಿ, ರತ್ನಾಬಾಯಿಯ ಹಾಗೆ ಹಿತ್ತಲ ಬಾಗಿಲಿಗೆ ಓಡಿ, ಪಕ್ಕದ ಮನೆಯವರನ್ನು ಕೂಗಿ.