ಹಗೇವಿನೊಳಗಿನ ಮಾವು

ನಾನು ಒಂದು ಹಗೇವು. ಅಂದರೆ ನೆಲದೊಳಗಿನ ಕಣಜ. ಗದಗ ಸೀಮೆಯ ಒಂದು ಊರಲ್ಲಿ ಕಾಶವ್ವನ ಮಾವ ತನ್ನ ಮನೆಯ ಅಂಗಳ ಅಗೆದು ನನ್ನನ್ನು ಹುಟ್ಟಿಸಿದ. ಹೊಟ್ಟೆ ದೊಡ್ಡದು, ಬಾಯಿ ಒಬ್ಬ ಇಳಿಯುವಷ್ಟೇ. ಜೋಳ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ನನಗೂ ಆಕಾಶಕ್ಕೂ ಸಂಬಂಧ ಕಡಿಯಿತು. ಮನುಷ್ಯರನ್ನು ನಾನು ಕಂಡದ್ದೆಲ್ಲ ಕೆಳಗಿನಿಂದಲೇ, ಮೊದಲು ಪಾದ, ಆಮೇಲೆ ಬಗ್ಗಿದ ಮುಖ.

ಮುಚ್ಚಿದ ನನ್ನೊಳಗೆ ಗಾಳಿ ಕೆಡುತ್ತದೆ. ಕಾಳು ಉಸಿರಾಡಿ ಉಸಿರಾಡಿ ಅದರ ಜೀವವನ್ನೆಲ್ಲ ಹೀರಿಬಿಡುತ್ತದೆ. ಅದಕ್ಕೇ ಇಳಿಯುವ ಮುನ್ನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವ ಪದ್ಧತಿ. ದೀಪ ಆರಿದರೆ ಬಾಯಿ ತೆರೆದಿಟ್ಟು ಒಂದು ದಿನ ಕಾಯಬೇಕು.

ಕಾಶವ್ವನ ಮಗ ಹಾಲಪ್ಪ. ಅವನ ಹೆಂಡತಿ ಸಂಗವ್ವ ಚೊಚ್ಚಲ ಬಸುರಿ, ಮಾವಿನಹಣ್ಣೆಂದರೆ ಪ್ರಾಣ. ಬಸುರಿಗೆ ಹೊಸ ಕುಪ್ಪಸ ತೊಡಿಸಿ ಉಡಿ ತುಂಬುವ ಕುಬಸದ ಹೊತ್ತಿಗೆ ಮಾವಿನ ಕಾಲ ಮುಗಿದಿರುತ್ತದೆ. ಹಾಲಪ್ಪ ಬಲಿತ ಕಾಯಿಗಳನ್ನು ಬುಟ್ಟಿಗೆ ತುಂಬಿ, ನನ್ನ ಜೋಳದ ಮೇಲಿಟ್ಟು ಮುಚ್ಚಿದ. ಮಾವಿನಕಾಯಿ ಹೂತಿಟ್ಟವನೆಂದು ಓಣಿಯವರು ಕಿಚಾಯಿಸಿದರು. ಅವನ ಲೆಕ್ಕಾಚಾರ ಮಾತ್ರ ಸರಿಯಾಗಿಯೇ ಇತ್ತು. ಹೊರಗಿದ್ದ ಕಾಯಿ ಕಣ್ಣಿಗೆ ಕಾಣದ ಅನಿಲವೊಂದನ್ನು ಬಿಡುತ್ತದೆ. ಅದರಿಂದ ತಾನೂ ಹಣ್ಣಾಗಿ ಪಕ್ಕದ್ದನ್ನೂ ಹಣ್ಣು ಮಾಡುತ್ತದೆ. ನನ್ನ ಸತ್ತ ಗಾಳಿಯಲ್ಲಿ ಆ ಅನಿಲ ಹುಟ್ಟುವುದೇ ಅಪರೂಪ. ಕಾಯಿಗಳು ಹಸಿರಾಗಿಯೇ ಉಳಿದವು.

ಕುಬಸ ಹತ್ತಿರ ಬಂತು. ಕಲ್ಲು ಸರಿಸಿ ಕಂದೀಲು ಇಳಿಬಿಟ್ಟರು. ನನ್ನ ಕುತ್ತಿಗೆಯ ಹತ್ತಿರವೇ ದೀಪ ಆರಿತು.

“ಆರಿತು ನೋಡೋ ಹಾಲ್ಯಾ. ನಾಳೆ ಇಳಿಯಂತ,” ಎಂದಳು ಕಾಶವ್ವ.

“ನಾಳೆ ತಗದ್ರ ಕುಬಸಕ್ಕ ಹಣ್ಣಾಗೂದಿಲ್ಲಬೇ. ಗಾಳಿ ಬಡದ ಮ್ಯಾಲ ನಾಕ ದಿನಾ ಬೇಕು. ಉಸಿರ ಹಿಡಕೊಂಡ ಹೋಗಿ ಬಂದಬಿಡ್ತೀನಿ.”

“ನನಗ ಹಣ್ಣ ಬ್ಯಾಡ, ಮ್ಯಾಲ ಇರ್ರಿ,” ಎಂದು ಸಂಗವ್ವ ಬಾಗಿಲಿನಿಂದಲೇ ಅಂಗಲಾಚಿದಳು. ಅವನು ನಕ್ಕು ಇಳಿದ.

ಬುಟ್ಟಿಗೆ ಹಗ್ಗ ಬಿಗಿಯುವಷ್ಟರಲ್ಲಿ ಹಿಡಿದ ಉಸಿರು ಮುಗಿಯಿತು. ಒಂದೆರಡು ಸಲ ನನ್ನ ಗಾಳಿಯನ್ನು ಎಳೆದುಕೊಂಡ. ಜೋಳದ ಮೇಲೆ ಕೂತ, ಹಾಗೇ ಒರಗಿದ. ಮೇಲೆ ಹೋದದ್ದು ಬುಟ್ಟಿ ಮಾತ್ರ. ಅವನನ್ನು ಎತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಕುಬಸ ಆಗಬೇಕಿದ್ದ ದಿನ ಮಾವು ಹಣ್ಣಾದವು. ಆ ಪರಿಮಳ ನನ್ನೊಳಗೂ ಇಳಿದು ಬಂತು. ಮನೆಯಲ್ಲಿ ಯಾರೂ ಒಂದು ಹಣ್ಣನ್ನೂ ಮುಟ್ಟಲಿಲ್ಲ. ಅಂಥ ಸಂಕಟ ನನಗೆ ಎಂದೂ ಆಗಿರಲಿಲ್ಲ.

ಆಮೇಲೆ ನನಗೆ ಮಣ್ಣು ತುಂಬಿದರು. ಈಗ ನಾನು ಅಂಗಳದ ಮೂಲೆಯಲ್ಲಿ ಬರೀ ಒಂದು ತಗ್ಗು. ಸಂಗವ್ವನ ಕೂದಲು ಬೆಳ್ಳಗಾಗಿವೆ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಬಂದು ನನ್ನ ಮೇಲೆ ಕೂತಳು.

“ಅವತ್ತ ಒಳಗಿಂದ ನನ್ನ ಕರದ್ರೇನು? ನನಗ ಕೇಳಸಲಿಲ್ಲೇನು?” ಎಂದು ಕೇಳಿದಳು.

ಇದೊಂದನ್ನೇ ಎದೆಯಲ್ಲಿಟ್ಟುಕೊಂಡು ಇಷ್ಟು ವರ್ಷ ಬದುಕಿದ್ದಾಳೆ. ಕರೆಯಲಿಲ್ಲ, ತಾಯಿ. ಕರೆಯಲು ಅವನಲ್ಲಿ ಉಸಿರೇ ಇರಲಿಲ್ಲ. ಇಷ್ಟು ಹೇಳುವುದು ನನ್ನಿಂದಾಗಲಿಲ್ಲ. ಅವಳು ನೆಲಕ್ಕೆ ಕಿವಿ ಹಚ್ಚಿ ಬಹಳ ಹೊತ್ತು ಕಾದಳು.