ಹೆಸರು ಓದದ ಮಗ್ಗ

ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಒಂದೇ ನೂಲಾಗಿ ನಿಂತ ತಾಯಿ ಬನಶಂಕರೀ, ನೆತ್ತರಿನ ಕಥೆ ಹೇಳಹೊರಟ ಈ ನಾಲಗೆಯನ್ನು ನೀನೇ ನಡೆಸು.

ಬನಹಟ್ಟಿಯ ಚನಮಲ್ಲಪ್ಪನ ವಿದ್ಯುತ್ ಮಗ್ಗಕ್ಕೆ ಸೆರಗಿನ ವಿನ್ಯಾಸವು ಕಂಪ್ಯೂಟರ್ ಫೈಲಾಗಿ ಬರುತ್ತಿತ್ತು. ಫೈಲಿನ ತಲೆಯಲ್ಲಿ ಕೆಲವು ಸಾಲುಗಳು: ಹಾಸಿನ ಎಳೆಗಳೆಷ್ಟು, ಹೊಕ್ಕುಗಳೆಷ್ಟು, ಬಣ್ಣಗಳೆಷ್ಟು, ಪ್ರತಿ ಅಂಕಿಯ ಹಿಂದೆ ಅದರ ಹೆಸರು. ಅದನ್ನು ಓದಿ ಮಗ್ಗಕ್ಕೆ ತಿಳಿಸುವ ಪ್ರೋಗ್ರಾಮನ್ನು ಬರೆದವನು ಅವನ ತಂಗಿಯ ಮಗ ಶಶಿಕಾಂತ. ಹೇಗೆ ಓದಬೇಕೆಂದು ಹೇಳಿ ಬರೆಸಿದವನು ಮಾತ್ರ ಚನಮಲ್ಲಪ್ಪ. ಮುಗಿದ ಹಾಸಿನ ತುದಿಗೆ ಹೊಸ ಹಾಸನ್ನು ಎಳೆಗೆ ಎಳೆಯಾಗಿ ಕೆಚ್ಚುತ್ತ ಬೆಳೆದವನಿಗೆ ಎಳೆಯ ಸ್ಥಾನವೇ ಅದರ ಗುರುತು.

“ಮದಲನೇದು ಹಾಸು, ಎರಡನೇದು ಹೊಕ್ಕು. ಸಾಲು ಹಿಡದು ಓದಸಲೇ. ಹೆಸರ ತಗೊಂಡು ಏನ ಮಾಡ್ತಿ?” ಎಂದಿದ್ದನು.

ಅವನ ಮನೆಯಲ್ಲೇ ವಿನ್ಯಾಸ ಕಲಿತು, ಮುಧೋಳದಲ್ಲಿ ಸ್ವಂತ ಅಂಗಡಿ ತೆರೆದಿದ್ದ ನಿಶಾಂತ ಒಮ್ಮೆ ಕಳುಹಿಸಿದ ಫೈಲಿನಲ್ಲಿ ಹೊಕ್ಕಿನ ಸಾಲು ಮೊದಲು ಬಂದಿತ್ತು. ಮಗ್ಗವು ಅದನ್ನೇ ಹಾಸೆಂದು ಹಿಡಿಯಿತು. ಏಳಬಾರದ ಎಳೆಗಳು ಎದ್ದವು. ಉಕ್ಕಿನ ಮೊನೆಯ ಲಾಳಿ ಅವಕ್ಕೆ ಬಡಿದು ಹೊರಚಿಮ್ಮಿ, ಪಕ್ಕದಲ್ಲಿದ್ದ ಚನಮಲ್ಲಪ್ಪನ ಮಗಳು ಕಾಂಚನಾಳ ಹುಬ್ಬನ್ನು ಸೀಳಿತು. ಬಿಳಿಯ ಹಾಸು ಕೆಂಪಾಯಿತು.

ಅವಳನ್ನು ಆಸ್ಪತ್ರೆಗೆ ಸೇರಿಸಿದವನೇ ಚನಮಲ್ಲಪ್ಪ ಮಗ್ಗದ ಕೋಲೊಂದನ್ನು ಕಿತ್ತುಕೊಂಡು ಮುಧೋಳಕ್ಕೆ ಧಾವಿಸಿದನು. ತಡೆಯಲು ಶಶಿಕಾಂತ ಬೆನ್ನುಹತ್ತಿದನು. ದಾರಿಯಲ್ಲಿ ಮೊಬೈಲಿನಲ್ಲಿ ಆ ಫೈಲನ್ನು ತೆರೆದವನ ಮುಖ ಕಪ್ಪಿಟ್ಟಿತು.

“ನನ್ನ ಅನ್ನ ಉಂಡು ನನ್ನ ಮಗಳ ಕಣ್ಣಿಗೇ ಕೈ ಹಾಕಿದೇನಲೇ?”

ಮೊದಲ ಪೆಟ್ಟಿಗೆ ನಿಶಾಂತನ ಅಂಗಡಿಯ ಬಾಗಿಲಿನ ಗಾಜು ಸಿಡಿಯಿತು. ಎರಡನೆಯದು ನಿಶಾಂತ ತಲೆಗೆ ಅಡ್ಡ ಹಿಡಿದ ಬಲಗೈಯನ್ನು ಮುರಿಯಿತು. ಅವನು ಗಾಜಿನ ಚೂರುಗಳ ಮೇಲೆ ಕುಸಿದನು.

“ಮಾಲಕ್ರ, ಹೆಸರ ನೋಡ್ರಿ! ಅಂಕಿ ಅಂಕಿಗೂ ಹೆಸರ ಐತ್ರಿ!”

“ನಿನ್ನ ಹೆಸರನ ಅಳಸ್ತೇನಿ, ತಡಿ!”

ಕೋಲು ತಲೆಯ ಮೇಲೆ ಇಳಿಯುವಷ್ಟರಲ್ಲಿ ಶಶಿಕಾಂತ ನಡುವೆ ಬಿದ್ದನು. ಪೆಟ್ಟು ಅವನ ಭುಜವನ್ನು ಒಡೆಯಿತು.

“ಮಾಮಾ, ಅಂಕಿ ಖರೇನ ಅದಾವು. ಸಾಲಷ್ಟ ಹಿಂದ ಮುಂದ ಆಗ್ಯಾವು. ನಾವು ಹೆಸರ ಓದಲಿಲ್ಲ.”

“ಹಂಗ ಓದಸಂತ ಹೇಳಿದಾಂವ ಯಾಂವಲೇ?”

“ನೀವರಿ.”

ಶಶಿಕಾಂತ ಚಾಚಿದ, ನೆತ್ತರು ಮೆತ್ತಿದ ಮೊಬೈಲನ್ನು ಚನಮಲ್ಲಪ್ಪ ಧೋತರದಿಂದ ಒರೆಸಿದನು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ಹೆಸರುಗಳನ್ನು ಮಾತ್ರ ಗಟ್ಟಿಯಾಗಿ ಓದಿದನು. ಕಂಕುಳಲ್ಲಿ ಸಿಕ್ಕಿಸಿದ್ದ ಕೋಲು ಜಾರಿತು. ಇಬ್ಬರನ್ನೂ ತಾನೇ ಎತ್ತಿ ಆಸ್ಪತ್ರೆಗೆ ಸಾಗಿಸಿ, ಅಲ್ಲಿಂದ ನೇರವಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದನು.

ಕಾಂಚನಾಳ ಕಣ್ಣು ಉಳಿಯಿತು. ನಿಶಾಂತನ ಬಲಗೈ ಬೆರಳುಗಳು ಮತ್ತೆ ಮಡಚಲಿಲ್ಲ. ಶಶಿಕಾಂತ ಹೊಸದಾಗಿ ಬರೆದ ಪ್ರೋಗ್ರಾಮು ಇಂದು ಯಾವ ಸಾಲು ಎಲ್ಲಿದ್ದರೂ ಮೊದಲು ಹೆಸರನ್ನು ಓದುತ್ತದೆ, ಆಮೇಲೆ ಅಂಕಿಯನ್ನು.

ಇದನ್ನು ಆಲಿಸಿದ ಎಲ್ಲರ ಕೈ ಏಳುವ ಮುನ್ನ ಕಣ್ಣು ತೆರೆಯಲಿ. ನಿಮ್ಮ ಮನೆಯ ಹಾಸಿನ ಎಳೆಗೆ ನೆತ್ತರು ಸೋಕದಿರಲಿ. ತಾಯಿ ನಿಮ್ಮನ್ನು ಹೆಸರು ಹಿಡಿದು ಕರೆದು ಕಾಯಲಿ.