ಮೊಮ್ಮಗಳನ್ನು ಕರೆತರಲು ಹೋದವಳು

ಜಡೆ ಗ್ರಾಮದ ಬಸಕ್ಕನ ಬಾಯಿಗೆ ಊರಿಗೆ ಊರೇ ಹೆದರುತ್ತಿತ್ತು. ಹೆದರದವಳು ಒಬ್ಬಳೇ, ಮೊಮ್ಮಗಳು ಸ್ಪಂದನ. ಆರು ವರ್ಷದ ಆ ಚೋಟುದ್ದದ ಹುಡುಗಿ ಮೂಗುತಿ ಹಿಡಿದು ಎಳೆದರೂ ಬಸಕ್ಕ ನಗುತ್ತಿದ್ದಳೇ ಹೊರತು ಗದರುತ್ತಿರಲಿಲ್ಲ. ಕಳೆದ ಜೂನ್‌ನಲ್ಲಿ ತಾಯಿ ಮೇಘನಾ ಬಂದು, ಶಾಲೆಗೆ ಹಾಕುತ್ತೇನೆಂದು ಮಗಳನ್ನು ಶಿಕಾರಿಪುರಕ್ಕೆ ಕರೆದುಕೊಂಡು ಹೋಗಿದ್ದಳು. ಅವತ್ತಿನಿಂದ ಬಸಕ್ಕನಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಗಂಡ ಹೆಂಡತಿ ಕೂತು ತೀರ್ಮಾನ ಮಾಡಿದರು. ಶನಿವಾರ ಹೋಗುವುದು, ಭಾನುವಾರ ಹುಡುಗಿಯನ್ನು ಕರೆದುಕೊಂಡೇ ಬರುವುದು. ಶಾಲೆ ಇನ್ನೂ ಮುಗಿದಿಲ್ಲವಲ್ಲ ಎಂದು ಗಂಡ ಪರಮಶಿವಪ್ಪ ರಾಗ ಎಳೆದ. ಒಂದನೇ ಕ್ಲಾಸಿನವರೇನು ಕಲೆಕ್ಟರ್ ಆಗಲು ಓದುತ್ತಾರಾ, ಸುಮ್ಮನಿರ್ರಿ ಎಂದು ಬಸಕ್ಕ ಅವನ ಬಾಯಿ ಮುಚ್ಚಿಸಿದಳು.

ಮೇಘನಾ ಅವಳ ಸೊಸೆ. ಸೊಸೆಯಾಗಿದ್ದವಳು ಅನ್ನಬೇಕು. ಇದ್ದೊಬ್ಬ ಮಗ ತೀರ್ಥೇಶ ಕಾಮಾಲೆಯಲ್ಲಿ ತೀರಿಕೊಂಡಾಗ ಮೇಘನಾಗೆ ಇನ್ನೂ ಇಪ್ಪತ್ತೈದು. ಆ ಬರಿಗೈ ಮನೆತುಂಬ ಓಡಾಡುವುದನ್ನು ಬಸಕ್ಕನಿಗೆ ನೋಡಲಾಗಲಿಲ್ಲ. ಯಾರು ಏನಾದರೂ ಅಂದುಕೊಳ್ಳಲಿ ಎಂದು ತಾನೇ ಗಂಡು ಹುಡುಕಿ, ಮಠದಲ್ಲಿ ನಾಲ್ಕು ಜನ ಹಿರಿಯರ ಮುಂದೆ ಮರುಮದುವೆ ಮಾಡಿಸಿದಳು. ಗಂಡು ಸುರೇಶ, ಟ್ರ್ಯಾಕ್ಟರ್ ಮೆಕ್ಯಾನಿಕ್, ವಯಸ್ಸು ಮೂವತ್ತೈದಾದರೂ ಹೆಣ್ಣು ಸಿಗದೆ ಕೂತಿದ್ದವನು. ಮೇಘನಾಳ ತಾಯಿ ತಂದೆ ಇಬ್ಬರೂ ಇಲ್ಲ. ಈಸೂರಿನಲ್ಲಿದ್ದ ಅಣ್ಣ, ನಮ್ಮ ಮನೆತನದಲ್ಲಿ ಇಂಥದ್ದು ನಡೆದಿಲ್ಲ, ಇನ್ನು ನನಗೆ ತಂಗಿಯೇ ಇಲ್ಲ ಎಂದು ಎದ್ದು ಹೋದ. ಹೋಗಲಿ ಬಿಡು, ಪೀಡೆ ತೊಲಗಿತು ಎಂದಿದ್ದಳು ಬಸಕ್ಕ.

ಆದರೆ ಅವಳ ಲೆಕ್ಕ ಸ್ಪಷ್ಟವಿತ್ತು. ಸೊಸೆಯನ್ನು ಕೊಟ್ಟಿದ್ದಾಳೆ, ಮೊಮ್ಮಗಳನ್ನು ಕೊಟ್ಟಿಲ್ಲ. ಮಗನ ಮಕ್ಕಳು ಮನೆಯವು, ಮಗಳ ಮಕ್ಕಳು ಕೊಟ್ಟ ಮನೆಯವು. ಹಿಂದೆ ಅವಳ ಅಕ್ಕ ಮೂಕಮ್ಮ ಮಗಳ ಮಗನನ್ನು ತಾನೇ ಇಟ್ಟುಕೊಳ್ಳುತ್ತೇನೆಂದು ಹಟ ಹಿಡಿದಾಗ, ಇದೇ ಮಾತು ಹೇಳಿ ಮಗುವನ್ನು ಅವರಪ್ಪನ ಊರಿಗೆ ಕಳಿಸಿದ್ದವಳೂ ಬಸಕ್ಕನೇ. ಅಕ್ಕ ಎಷ್ಟು ಅತ್ತರೂ ಇವಳ ಮನಸ್ಸು ಕರಗಿರಲಿಲ್ಲ. ಸ್ಪಂದನ ತೀರ್ಥೇಶನ ಮಗಳು, ಸತ್ತ ಮಗ ಬಿಟ್ಟು ಹೋದ ಒಂದೇ ಒಂದು ಕುಡಿ. ಅದರ ಮೇಲೆ ಹಕ್ಕು ಜಡೆ ಮನೆಯದಲ್ಲದೆ ಇನ್ಯಾರದು?

ಶನಿವಾರ ಬಸಕ್ಕ ಒಬ್ಬಳೇ ಹೊರಟು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಶಿಕಾರಿಪುರದಲ್ಲಿ ಆಟೋ ಹತ್ತಿದಳು. ಊರು ದಾಟಿದರೂ ಆಟೋ ನಿಲ್ಲಲಿಲ್ಲ. ಮೆಕ್ಕೆಜೋಳದ ಹೊಲಗಳನ್ನು ಒಡೆದು ಸೈಟು ಮಾಡಿದ ಹೊಸ ಬಡಾವಣೆ ಅದು. ನೆಟ್ಟ ಕಲ್ಲುಗಳು, ಕಾಂಗ್ರೆಸ್ ಗಿಡ, ಅಗಲವಾದ ಖಾಲಿ ರಸ್ತೆ, ಅಲ್ಲೊಂದು ಇಲ್ಲೊಂದು ಮನೆ. ಬಾಡಿಗೆ ಕಮ್ಮಿ, ಗಲಾಟೆ ಇಲ್ಲ ಎಂದು ಮೇಘನಾ ಫೋನಿನಲ್ಲಿ ಹೊಗಳಿದ್ದಳು. ಗಲಾಟೆ ಮಾಡಲು ಒಂದು ನರಪಿಳ್ಳೆಯಾದರೂ ಇರಬೇಕಲ್ಲ ಎಂದು ಬಸಕ್ಕ ಆಟೋದಿಂದ ಇಳಿಯುವಾಗಲೇ ಗೊಣಗಿದಳು. ಕೂಗಿದರೆ ಓಗೊಡುವವರಿಲ್ಲದ ಇಂಥ ಜಾಗದಲ್ಲಿ ಮಗು ಬೆಳೆಯುವುದಾದರೂ ಹೇಗೆ? ಅವಳಿಗೆ ಒಳಗೊಳಗೇ ಸಮಾಧಾನವೂ ಆಯಿತು. ಕರೆದುಕೊಂಡು ಹೋಗಲು ಒಂದು ನೆಪ ಸಿಕ್ಕಿತ್ತು.

ಸ್ಪಂದನ ಓಡಿಬಂದು ಕಾಲಿಗೆ ತೆಕ್ಕೆ ಬಿದ್ದಳು. ಆಮೇಲೆ ಆಚೆ ರಸ್ತೆಯ ಮನೆಯಿಂದ ಆಡಲು ಬಂದಿದ್ದ ಹುಡುಗಿಗೆ, "ಇವರು ನಮ್ಮ ಜಡೆ ಅಜ್ಜಿ" ಎಂದು ತೋರಿಸಿದಳು. ಬಸಕ್ಕನಿಗೆ ಚುರುಕ್ಕೆಂದಿತು. ಆರು ವರ್ಷ ಬರೀ ಅಜ್ಜಿಯಾಗಿದ್ದವಳಿಗೆ ಈಗ ಊರಿನ ಹೆಸರು ಅಂಟಿಕೊಂಡಿತ್ತು. ಅಂದರೆ ಬರೀ ಅಜ್ಜಿ ಅನ್ನಿಸಿಕೊಳ್ಳುವವಳು ಇನ್ನೊಬ್ಬಳಿದ್ದಾಳೆ, ಸುರೇಶನ ತಾಯಿ.

ಸಂಜೆ ಸುರೇಶ ಬಂದ. ಬೈಕಿನ ಸದ್ದು ಕೇಳಿದ್ದೇ ಹುಡುಗಿ ಅಜ್ಜಿಯ ತೊಡೆಯಿಂದ ಜಿಗಿದು, ಪಪ್ಪಾ ಎಂದು ಬಾಗಿಲಿಗೆ ಓಡಿದಳು. ಬಸಕ್ಕ ಅವನಲ್ಲಿ ತಪ್ಪು ಹುಡುಕಲು ಕೂತಳು. ಕುಡಿಯುತ್ತಾನಾ? ಇಲ್ಲ. ಹುಡುಗಿಯ ಮೇಲೆ ರೇಗುತ್ತಾನಾ? ಅದೂ ಇಲ್ಲ. ಬಸಕ್ಕನಿಗೆಂದು ಬಿಸಿ ಮಿರ್ಚಿ ತಂದಿದ್ದ. ಹೋಂವರ್ಕ್ ಬರೆಯುತ್ತ ಕೂತ ಹುಡುಗಿಯ ಜೊತೆ ತಾನೂ ತಲೆ ಕೆರೆದುಕೊಂಡ. ರಾತ್ರಿ ಇದ್ದೊಂದು ಕೋಣೆಯನ್ನು ಹೆಂಗಸರಿಗೆ ಬಿಟ್ಟು ಹಾಲಿನಲ್ಲಿ ಚಾಪೆ ಹಾಸಿದ. ಹಾಳಾದವನು, ಒಂದು ಬೈಗುಳಕ್ಕಾದರೂ ಜಾಗ ಕೊಡಬಾರದಾ? ತಾನೇ ಆರಿಸಿದ ಗಂಡು ಇಷ್ಟು ಒಳ್ಳೆಯವನಾದದ್ದಕ್ಕೆ ಬಸಕ್ಕನಿಗೆ ಸಿಟ್ಟು ಬಂತು. ಮಗ್ಗುಲಲ್ಲಿ ಮಲಗಿದ ಹುಡುಗಿಯ ಕಿವಿಯಲ್ಲಿ, ನಾಳೆ ನನ್ನ ಜೊತೆ ಜಡೆಗೆ ಬರುತ್ತೀಯಾ ಎಂದು ಕೇಳಿದಳು. ಬರುತ್ತೇನೆ ಎಂದಿತು ಮಗು. ಬಸಕ್ಕ ಅವಳನ್ನು ಬಾಚಿ ತಬ್ಬಿಕೊಂಡಳು. ಅಷ್ಟರಲ್ಲಿ, ಅಮ್ಮ ಪಪ್ಪನೂ ಬರ್ತಾರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ನಿದ್ದೆ ಹೋಯಿತು.

ಭಾನುವಾರ ಬೆಳಿಗ್ಗೆ ಸುರೇಶ ಹುಡುಗಿಯನ್ನು ಕರೆದುಕೊಂಡು ತರಕಾರಿ ತರಲು ಹೋದ. ಹಿತ್ತಲಲ್ಲಿ ಮೇಘನಾ ಬಟ್ಟೆ ಒಗೆಯುತ್ತಿದ್ದಳು. ತುಂಬಿದ ಬಕೆಟ್ ಎತ್ತುವಾಗ ಹೊಟ್ಟೆ ಮರೆಯಾಗುವಂತೆ ಹೊದ್ದಿದ್ದ ಟವೆಲ್ ಜಾರಿತು. ಬಸಕ್ಕ ನೋಡಿದಳು. ಹೆಂಗಸರ ಕಣ್ಣಿಗೆ ಎರಡು ಸಲ ನೋಡಬೇಕಾಗಿರಲಿಲ್ಲ.

"ಇಳ್ಸೇ ಆ ಬಕೇಟ್ನ. ಬುದ್ಧಿ ಐತಾ ನಿಂಗೆ? ಎಷ್ಟು ತಿಂಗ್ಳು?"

ಐದು ಎಂದಳು ಮೇಘನಾ, ತಲೆ ತಗ್ಗಿಸಿ. ತಪ್ಪು ಮಾಡಿ ಸಿಕ್ಕಿಬಿದ್ದವಳ ಮುಖ.

ಬಸಕ್ಕ ಬಕೆಟ್ ಕಿತ್ತುಕೊಂಡು ತಾನೇ ಬಟ್ಟೆ ಹಿಂಡತೊಡಗಿದಳು. ಸುಳ್ಳೇಕೆ ಹೇಳಬೇಕು, ಮೊದಲು ಅವಳ ಹೊಟ್ಟೆ ಉರಿಯಿತು. ನನ್ನ ಮಗ ಮಣ್ಣಾಗಿ ಹೋದ, ಅವನ ಹೆಂಡತಿ ಬೇರೊಬ್ಬನ ಬಸುರು ಹೊತ್ತು ನಿಂತಿದ್ದಾಳೆ ಎನಿಸಿತು. ಮರುಗಳಿಗೆಯೇ, ಥೂ, ನಾನೇ ನಿಂತು ಮಾಡಿಸಿದ ಮದುವೆ, ಇದೆಂಥ ನೀಚ ಬುದ್ಧಿ ನನ್ನದು ಎಂದು ನಾಚಿಕೊಂಡಳು. ಮೂರನೆಯದಾಗಿ ಬಂದ ಯೋಚನೆ ಅವಳನ್ನು ಬೆಚ್ಚಗೆ ಮಾಡಿತು. ಒಳ್ಳೆಯದೇ ಆಯಿತಲ್ಲ! ನಿನಗೆ ಇನ್ನೊಂದು ಬರುತ್ತಾ ಇದೆ, ನನ್ನದನ್ನು ನನಗೆ ಕೊಡು ಎಂದು ಕಡ್ಡಿ ಮುರಿದ ಹಾಗೆ ಕೇಳಿಬಿಡಬಹುದು. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಮೇಘನಾ ಮೊದಲು ಮಾತಾಡಿದಳು. ನೀವು ಯಾಕೆ ಬಂದಿದ್ದೀರಿ ಅಂತ ನನಗೆ ಗೊತ್ತಿದೆ, ಸ್ಪಂದನಳ ಬಟ್ಟೆಯನ್ನೆಲ್ಲ ನಿನ್ನೆಯೇ ಚೀಲಕ್ಕೆ ಹಾಕಿಟ್ಟಿದ್ದೇನೆ ಎಂದಳು. ನಿಮಗಿದ್ದೊಬ್ಬ ಮಗನೂ ಹೋದ, ಮೊಮ್ಮಗಳನ್ನೂ ನಾನು ಇಟ್ಟುಕೊಂಡರೆ ಶಿವ ಮೆಚ್ಚುವುದಿಲ್ಲ ಎಂದಳು. ಹೇಳುತ್ತ, ಆಗಲೇ ಒಗೆದಿದ್ದ ಸ್ಪಂದನಳ ಲಂಗಕ್ಕೆ ಮತ್ತೆ ಸೋಪು ಹಚ್ಚತೊಡಗಿದಳು. ಜಗಳಕ್ಕೆ ಸಜ್ಜಾಗಿ ಬಂದವಳಿಗೆ ಜಗಳವೇ ಸಿಗಲಿಲ್ಲ.

ಆಮೇಲೆ ಮೇಘನಾ ಇನ್ನೊಂದು ಮಾತು ಹೇಳಿದಳು. ಐದನೇ ತಿಂಗಳಲ್ಲಿ ತವರಿನವರು ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಬುತ್ತಿ ತಂದು ಕುಬುಸ ಮಾಡಬೇಕು. ಸುರೇಶನ ತಾಯಿಗೆ ಇದು ಅವರ ಮನೆಯ ಮೊದಲ ಕುಬುಸ, ನಿನ್ನ ತವರಿನವರು ಯಾವತ್ತು ಬರುತ್ತಾರೆ ಎಂದು ದಿನಾ ಫೋನು ಮಾಡಿ ಕೇಳುತ್ತಾರೆ. ಈಸೂರಿನ ಅಣ್ಣ ಫೋನೇ ಎತ್ತುತ್ತಿಲ್ಲ.

"ಅತ್ತೆ, ನಂಗೆ ತವ್ರು ಅಂತ ಐತಿ ಅಂದ್ರೆ ಅದು ಜಡೆನೇ. ಬ್ಯಾರೆ ಯಾರದಾರೆ? ನೀವೇ ಕುಬುಸ ತರ್ರಿ."

ಬಸಕ್ಕ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಪಾಪದ ಹುಡುಗಿ, ಅವಳು ಕೇಳಿದ್ದು ಒಂದು ಸೀರೆ, ನಾಲ್ಕು ಬಳೆ. ತಾನು ಏನು ಕೇಳುತ್ತಿದ್ದೇನೆಂದು ಅವಳಿಗೆ ತಿಳಿದಿರಲಿಲ್ಲ. ಬಸಕ್ಕನಿಗೆ ಮಾತ್ರ ಚೆನ್ನಾಗಿ ತಿಳಿಯಿತು. ಕುಬುಸ ತಂದವಳು ತಾಯಿ. ತಾಯಿಯಾದರೆ ಮೇಘನಾ ಸೊಸೆಯಲ್ಲ, ಕೊಟ್ಟ ಮಗಳು. ಆಗ ಸ್ಪಂದನ? ನಾಲ್ಕು ಜನರೆದುರು ಮಗಳ ಉಡಿ ತುಂಬಿ, ಆ ಮಗಳ ಮಗುವನ್ನೇ ಮನೆಯಿಂದ ಎತ್ತಿಕೊಂಡು ಹೋಗುವುದಕ್ಕೆ ಯಾವ ಮುಖ? ಮೂಕಮ್ಮ ಅವತ್ತು ಅತ್ತದ್ದು ಇಷ್ಟು ವರ್ಷದ ಮೇಲೆ ಇವಳಿಗೆ ಕೇಳಿಸಿತು. ಇಲ್ಲ, ನಾನು ತರುವುದಿಲ್ಲ ಎಂದುಬಿಡಬಹುದಿತ್ತು. ಚೀಲ ಸಿದ್ಧವಿತ್ತು, ಹುಡುಗಿ ಬರುತ್ತೇನೆ ಅಂದಿದ್ದಳು. ಒಂದೇ ಒಂದು ಮಾತು. ಬಸುರಿ ಹೆಂಗಸು ಒದ್ದೆ ಕೈಯಲ್ಲಿ, ಕುಬುಸ ತರಲು ಒಂದು ಜೀವವೂ ಇಲ್ಲದೆ ಎದುರು ನಿಂತಿದ್ದಳು.

"ಗಿಳಿಹಸಿರು ಉಟ್ರೆ ನೀನು ಕಪ್ಪಗೆ ಕಾಣ್ತೀಯ" ಎಂದಳು ಕೊನೆಗೆ. "ಎಲೆಹಸಿರು ತರ್ತೀನಿ."

ಮೇಘನಾ ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತಳು. ಬಸಕ್ಕ ಅಳಲಿಲ್ಲ. ಸಾಕು ಏಳು, ಈ ಹೊತ್ತಲ್ಲಿ ಅಳಬಾರದು ಎಂದು ಗದರಿಸಿ ಒಳಗೆ ಹೋದಳು. ಕೋಣೆಯ ಮೂಲೆಯಲ್ಲಿದ್ದ ಚೀಲ ಬಿಚ್ಚಿದಳು. ಸಣ್ಣ ಲಂಗ, ಸ್ವೆಟರ್, ಶಾಲೆಯ ಬಿಳಿ ಸಾಕ್ಸು, ಒಂದೊಂದನ್ನೇ ಮತ್ತೆ ಬೀರುವಿನೊಳಗೆ ಮಡಚಿಟ್ಟಳು. ಆಗ ಬಂತು ಅಳು. ಬಾಯಿಗೆ ಸೆರಗು ತುರುಕಿಕೊಂಡು ಬೀರುವಿನ ಬಾಗಿಲ ಹಿಂದೆ ನಿಂತು ಅತ್ತಳು. ಆ ಸುಡುಗಾಡು ಬಡಾವಣೆ ಎಷ್ಟು ನಿಶ್ಶಬ್ದವೆಂದರೆ ಬಿಕ್ಕುವುದಕ್ಕೂ ಹೆದರಬೇಕಿತ್ತು.

ಮಧ್ಯಾಹ್ನ ಊಟ ಮಾಡಿ ಹೊರಟಳು. ಸುರೇಶ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ಮುಂದೆ ಟ್ಯಾಂಕಿನ ಮೇಲೆ ಕೂತು ಬಂದಿದ್ದ ಸ್ಪಂದನ, ನಮ್ಮ ಮನೆಗೆ ಮತ್ತೆ ಯಾವಾಗ ಬರ್ತೀಯಾ ಅಜ್ಜಿ ಎಂದು ಕೇಳಿದಳು. ಬೇಗ ಬರುತ್ತೇನೆ, ನಿಮ್ಮಮ್ಮನಿಗೆ ಸೀರೆ ತರಬೇಕು ಎಂದಳು ಬಸಕ್ಕ.

ಶಿರಾಳಕೊಪ್ಪ ದಾಟುವ ಹೊತ್ತಿಗೆ ಪರಮಶಿವಪ್ಪನ ಫೋನು ಬಂತು. ದನಿಯಲ್ಲಿ ಸಡಗರ. ಹುಡುಗಿಗೆಂದು ಹಾಲು ಕಾಯಿಸಿಟ್ಟಿದ್ದಾನಂತೆ, ಎಲ್ಲಿದ್ದೀರಿ ಎಂದು ಕೇಳಿದ.

"ಕೇಳ್ರಿ ಇಲ್ಲಿ" ಎಂದಳು ಬಸಕ್ಕ. "ಮಗ್ಳು ಬಸ್ರಿ. ಐದು ತಿಂಗ್ಳು. ಬರೋ ವಾರ ಕುಬುಸ ತಗಂಡು ಹೋಗ್ಬೇಕು."

"ಯಾವ ಮಗ್ಳೇ? ನಮಗೆಲ್ಲಿ ಮಗ್ಳು?"

ಬಸಕ್ಕ ಬಸ್ಸಿನ ಗದ್ದಲದಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ಕಡೆ ಅವನು ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದ ಸದ್ದಾಯಿತು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಹಂಗಾರೆ ಸ್ಪಂದನ?"

"ಮಗ್ಳ ಮಗ್ಳು ಕಣ್ರಿ" ಎಂದಳು ಬಸಕ್ಕ. "ರಜಕ್ಕೆ ಬರ್ತಾಳೆ."